ರೂಮ್ ನೋಡುವ ಬೀರು

“ತಲೆ ಒಳಗೆ ಹಾಕು, ಹೆದರಬೇಡ!” ಎಂದರು ಭಾವ.

ಬಾಗಿಲೇನೋ ಅವರ ನಡುಮನೆಯ ಕಬ್ಬಿಣದ ಬೀರುವಿನದೇ. ಒಳಗೆ ಅಕ್ಕನ ಸೀರೆಗಳಿರಬೇಕಿತ್ತು. ಆದರೆ ಅಲ್ಲಿದ್ದದ್ದು ಒಂದು ಮಂಚ, ಹಸಿರು ಗೋಡೆ, ಕಿರುಗುಟ್ಟುವ ಫ್ಯಾನು!

“ಮುಂಬೈ ಲಾಡ್ಜು, ಎರಡನೇ ಮಹಡಿ. ದೂರವನ್ನೇ ಮಡಚಿಬಿಟ್ಟಿದೀನಿ ಕಣಯ್ಯ! ನೀನು ಪ್ಯಾಂಟಿನ ಅಂಚು ಮಡಚಲ್ವಾ, ಹಾಗೆ!”

ನಾನು ಟೈಲರ್. ಅವರ ವಿಜ್ಞಾನದಲ್ಲಿ ನನಗೆ ಅರ್ಥವಾದದ್ದು ಇಷ್ಟೇ. ಭಾವ ರಂಗಧಾಮಯ್ಯನವರು ನಮ್ಮ ಜಂಕ್ಷನ್ ಊರಿನಲ್ಲಿ ರೈಲ್ವೆ ಸಿಗ್ನಲ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಗುಜರಿಯಿಂದ ತಂದ ಹಳೇ ಸಿಗ್ನಲ್ ಸಾಮಾನನ್ನೆಲ್ಲ ಬೀರುವಿನ ನೆತ್ತಿಗೆ ಕಟ್ಟಿದ್ದರು. ಲಾಡ್ಜಿನ ಫೋನ್ ನಂಬರು, ರೂಮ್ ನಂಬರು ಒತ್ತಿದರೆ ಆ ರೂಮು ಹತ್ತು ನಿಮಿಷ ಬೀರುವಿನೊಳಗೆ ಬಂದು ಕೂರುತ್ತಿತ್ತು. ಬುಕ್ ಮಾಡುವ ಮೊದಲೇ ಹಾಸಿಗೆ ಒತ್ತಿ, ನಲ್ಲಿ ತಿರುಗಿಸಿ ನೋಡಬಹುದು. ರೂಮಿನ ಆಚೆ ಬಾಗಿಲನ್ನು ಮಾತ್ರ ತೆಗೆಯಬಾರದು. ತೆಗೆದರೆ ಮಡಿಕೆ ಬಿಚ್ಚಿಕೊಂಡು, ಹೋದವರು ಅಲ್ಲೇ ಉಳಿಯುತ್ತಾರಂತೆ.

ಇಷ್ಟೆಲ್ಲ ಯಾಕೆಂದರೆ, ನಮ್ಮಕ್ಕ ಪಂಕಜ ಸಮುದ್ರ ನೋಡಿಲ್ಲ. ಮದುವೆಯಾಗಿ ಮೂವತ್ತಾರು ವರ್ಷವಾಯಿತು. ಇಬ್ಬರಿಗೂ ರೈಲ್ವೆ ಪಾಸು ಬರುತ್ತದೆ, ಮುಂಬೈವರೆಗೆ ಹೋಗುವುದು ಪುಕ್ಕಟೆ. ಆದರೆ ರೈಲನ್ನೇ ಪುಕ್ಕಟೆ ಹತ್ತುವವರಿಗೆ ಎಂಥ ರೂಮಿನ ಬಾಡಿಗೆಯೂ ದುಬಾರಿಯೇ! ಭಾವ ಕಡಿಮೆ ಬಾಡಿಗೆಯ ಚೊಕ್ಕಟವಾದ ರೂಮು ಹುಡುಕಿ ಮುಗಿಸುವಷ್ಟರಲ್ಲಿ ಪ್ರತಿ ಸಲವೂ ಪಾಸಿನ ಅವಧಿ ತೀರುತ್ತಿತ್ತು. ಈ ಸಲದ ಪಾಸಿಗೆ ಶನಿವಾರ ಕೊನೆಯ ದಿನ. ಅಂದು ಸೋಮವಾರ.

“ಈ ರೂಮು ಬೇಡ. ಬಕೆಟ್ಟಿಗೆ ಹಿಡಿಯೇ ಇಲ್ಲ” ಎಂದು ಭಾವ ಬಾಗಿಲು ಮುಚ್ಚಿದರು.

“ಬಕೆಟ್ ನೋಡೋಕೆ ಹೋಗ್ತಿದೀವಾ?” ಅಕ್ಕ ಅಡುಗೆಮನೆಯಿಂದಲೇ ಕೇಳಿದಳು.

ಮಂಗಳವಾರ ಒಂಬತ್ತು ರೂಮು ನೋಡಿದರು. ಒಂದರಲ್ಲಿ ದಿಂಬು ಗಟ್ಟಿ, ಇನ್ನೊಂದರಲ್ಲಿ ಮೆತ್ತಗೆ. ಮತ್ತೊಂದರಲ್ಲಿ ಸ್ನಾನ ಮುಗಿಸಿ ಬರೀ ಟವೆಲ್ಲಿನಲ್ಲಿ ನಿಂತಿದ್ದ ಯಾರೋ ಮಹಾನುಭಾವರು ಭಾವನನ್ನು ಕಂಡು ಹೌಹಾರಿ ಸೋಪು ಎಸೆದರು! ಆ ಸೋಪನ್ನು ಭಾವ ಮೂಸಿ ನೋಡಿ, “ಸೋಪು ಪರವಾಗಿಲ್ಲ” ಎಂದು ಬರೆದುಕೊಂಡರು. ಬುಧವಾರ ತಿಗಣೆಗಳು ರೂಮಿನಿಂದ ಇಳಿದು ನೇರವಾಗಿ ನಡುಮನೆಯ ಸೋಫಾಕ್ಕೆ ಬಂದವು.

ಗುರುವಾರ ಭಾವ ಬಚ್ಚಲ ನಲ್ಲಿ ಪರೀಕ್ಷಿಸುತ್ತಿದ್ದಾಗ, ಆ ರೂಮಿನಲ್ಲಿ ಮಲಗಿದ್ದ ಸೊಲ್ಲಾಪುರದ ಚಾದರ ವ್ಯಾಪಾರಿಯೊಬ್ಬರು ಎದ್ದು, ತೆರೆದಿದ್ದ ಬೀರುವಿನಿಂದ ಆಕಳಿಸುತ್ತ ನಡುಮನೆಗೆ ಬಂದರು.

“ನಾಷ್ಟಾ ಇಲ್ಲೇನ್ರಿ?”

ಅಕ್ಕ ಏನು ಹೇಳಬೇಕೋ ತೋಚದೆ ಉಪ್ಪಿಟ್ಟು ಕೊಟ್ಟಳು. ಅವರು ಎರಡು ಸಲ ಹಾಕಿಸಿಕೊಂಡರು.

“ರೂಮ್ ಸುಮಾರ ಐತಿ, ನಾಷ್ಟಾ ಮಾತ್ರ ಭಾಳ ಛಲೋ ಐತ್ರಿ.”

“ಅಲ್ಲಿಂದ ಸಮುದ್ರ ಎಷ್ಟು ದೂರ?” ಅಕ್ಕ ಮೆಲ್ಲಗೆ ಕೇಳಿದಳು.

“ಕೆಳಗ ಇಳದ್ರ ಎದುರಿಗೇ ಐತಲ್ರೀ ಅಕ್ಕಾರ! ಇಲ್ಲೇ ಇದ್ದು ನೋಡಿಲ್ಲೇನು?”

ಅಕ್ಕ ಅವರ ತಟ್ಟೆ ತೆಗೆದುಕೊಂಡು ಒಳಗೆ ಹೋದವಳು ಬಹಳ ಹೊತ್ತು ಆಚೆ ಬರಲೇ ಇಲ್ಲ. ನನಗೆ ಸಂಕಟವಾಯಿತು. ವ್ಯಾಪಾರಿ ರೂಮಿಗೆ ಮರಳಿ ಸುದ್ದಿ ಹಬ್ಬಿಸಿರಬೇಕು, ಶುಕ್ರವಾರ ಆ ರೂಮಿನ ಬಾಗಿಲು ಮತ್ತೆ ತೆರೆದಾಗ ಉಪ್ಪಿಟ್ಟಿಗೆಂದು ಏಳು ಜನ ಸಾಲಾಗಿ ನಿಂತಿದ್ದರು!

ಶನಿವಾರ ಮಧ್ಯಾಹ್ನ ನಲವತ್ತೆರಡನೇ ರೂಮು. ಕಿಟಕಿಯಾಚೆ ನೀಲಿಯೋ ನೀಲಿ. ಹೊಸ ಹಾಸಿಗೆ, ಬಿಸಿನೀರು, ಬಾಡಿಗೆಯೂ ನ್ಯಾಯವಾದದ್ದೇ. ಭಾವ ಮೂಲೆ ಮೂಲೆ ತಡಕಿದರು. ಒಂದು ತಪ್ಪೂ ಸಿಗಲಿಲ್ಲ. ಅವರ ಮುಖ ಬಾಡಿತು.

“ಫ್ಯಾನು... ಸ್ವಲ್ಪ ಸದ್ದು ಜಾಸ್ತಿ ಅಲ್ವಾ?” ಎಂದರು.

ನಡುಮನೆಯಲ್ಲೇ ನಿಂತಿದ್ದ ನನಗೆ ರೇಗಿಹೋಯಿತು. “ಭಾವ, ನಿಮಗೆ ರೂಮು ಬೇಕೋ ಬೇಡ್ವೋ?”

ಅವರು ಮಂಚದ ಅಂಚಿನಲ್ಲಿ ಕುಳಿತರು. “ಮೂವತ್ತು ವರ್ಷ ಮುಂಬೈ ಗಾಡಿಗೆ ಸಿಗ್ನಲ್ ಸರಿಮಾಡಿ ಕೊಟ್ಟಿದೀನಿ ಕಣೋ. ಅಲ್ಲಿ ಇಳಿದ್ರೆ ಎಡಕ್ಕೆ ತಿರುಗ್ಬೇಕೋ ಬಲಕ್ಕೋ ಗೊತ್ತಿಲ್ಲ. ಅಷ್ಟು ಜನರ ಮಧ್ಯೆ ಇವಳ ಕೈ ತಪ್ಪಿಹೋದ್ರೆ? ಭಯ ಆಗುತ್ತೆ.”

ಇಷ್ಟು ವರ್ಷ ಜಿಪುಣ ಎಂದು ಅವರನ್ನು ಆಡಿಕೊಂಡಿದ್ದೆ. ನನಗೆ ನಾಚಿಕೆಯಾಯಿತು.

ಅಕ್ಕ ಬೀರುವಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕೈ ಒರೆಸಿಕೊಂಡು, ಕಟ್ಟಿಟ್ಟಿದ್ದ ಬ್ಯಾಗು ಹೆಗಲಿಗೇರಿಸಿದಳು. “ಇಷ್ಟೇನಾ? ಮೊದಲೇ ಹೇಳ್ಬಾರ್ದಾ! ಏಳಿ, ಆಚೆ ಹೋಗಿ. ಮೊದಲು ನಾನು ಹೋಗಿ ದಾರಿ ಕೇಳ್ಕೊತೀನಿ” ಎಂದು ಭಾವನನ್ನು ಎಬ್ಬಿಸಿ ನಡುಮನೆಗೆ ತಳ್ಳಿದಳು. ತಾನು ರೂಮು ದಾಟಿ, ತೆಗೆಯಬಾರದ ಆ ಬಾಗಿಲನ್ನು ತೆಗೆದೇಬಿಟ್ಟಳು!

ಢಮ್ ಎಂದಿತು. ಹೊಗೆ ಇಳಿದಾಗ ಬೀರುವಿನಲ್ಲಿ ಬರೀ ಸೀರೆಗಳು. ಭಾವ ಒಂದೊಂದನ್ನೇ ಎಳೆದು ಹಾಕಿ “ಪಂಕಜಾ! ಪಂಕಜಾ!” ಎಂದು ಕೂಗಿದರು. ಅರ್ಧ ಗಂಟೆಯ ಮೇಲೆ ಫೋನ್ ಬಂತು.

“ಅದೇ ರೂಮು ಹಿಡಿದಿದೀನಿ. ಸಂಜೆ ಗಾಡಿಗೆ ಹೊರಡಿ. ಸ್ಟೇಷನ್ನಿಗೆ ನಾನೇ ಬರ್ತೀನಿ, ಇಳಿದ ಜಾಗದಲ್ಲೇ ನಿಂತಿರಿ.”

“ಬಾಡಿಗೆ ಎಷ್ಟಕ್ಕೆ ಮಾತಾಡಿದೆ?”

“ಹೇಳಲ್ಲ.”

ಭಾವ ಎರಡು ಶರ್ಟು ತುರುಕಿಕೊಂಡು, ಚಪ್ಪಲಿ ಅದಲು ಬದಲು ಮೆಟ್ಟಿಕೊಂಡು ಓಡಿದರು. ಗಾಡಿ ಬರಲು ಇನ್ನೂ ಎರಡು ಗಂಟೆ ಇತ್ತು.

ಮೂರು ದಿನಕ್ಕೆಂದು ಹೋದವರು. ಹದಿನೈದು ದಿನವಾದರೂ ಬಂದಿಲ್ಲ. ನಿನ್ನೆ ಭಾವ ಫೋನಿನಲ್ಲಿ “ಇನ್ನೊಂದು ವಾರ ಇರ್ತೀವಿ, ಮನೆ ಕಡೆ ನೋಡ್ಕೋ” ಎಂದರು.

ನೋಡಿಕೊಳ್ಳುತ್ತಲೇ ಇದ್ದೇನೆ. ನೆತ್ತಿಯ ಸಾಮಾನು ಸುಟ್ಟುಹೋದರೂ ಬೀರುವಿನ ಮಡಿಕೆ ಒಂದು ಕಡೆ ಪೂರ್ತಿ ಬಿಚ್ಚಿಲ್ಲವೆಂದು ಕಾಣುತ್ತದೆ. ನಾನು ಮತ್ತೆ ಜೋಡಿಸಿಟ್ಟ ಸೀರೆಗಳ ಕೆಳಗಿನಿಂದ ಅಲೆ ನುಗ್ಗಿ, ನಡುಮನೆಯನ್ನೆಲ್ಲ ತೊಳೆದು, ಒಂದೆರಡು ಏಡಿ ಬಿಟ್ಟು ಹಿಂದಕ್ಕೆ ಹೋಗುತ್ತದೆ. ನಮ್ಮ ಬೀದಿಗೆ ನಲ್ಲಿ ನೀರು ಬರುವುದು ವಾರಕ್ಕೆ ಎರಡು ಸಲ. ಸಮುದ್ರ ಮಾತ್ರ ದಿನಕ್ಕೆ ಎರಡು ಸಲ ತಪ್ಪದೆ ಬರುತ್ತಿದೆ.