ಅಂಕಲ್ ತೊಂದರೆಗೆ ನಾನು ದುಭಾಷಿಯಾದದ್ದು

ನನಗೆ ನಾಚಿಕೆಯೆಲ್ಲ ಕನ್ನಡದಲ್ಲಿ ಮಾತ್ರ, ಇಂಗ್ಲಿಷಿನಲ್ಲಿ ಏನನ್ನಾದರೂ ಸಲೀಸಾಗಿ ಹೇಳಬಲ್ಲೆ ಎಂದು ನಂಬಿದ್ದೆ. ಆ ನಂಬಿಕೆ ಹೋದದ್ದು ಕಳೆದ ವರ್ಷ, ಸ್ಯಾನ್ ಡಿಯಾಗೊದ ಒಂದು ಕ್ಲಿನಿಕ್ಕಿನಲ್ಲಿ, ನನ್ನ ಐವತ್ತೊಂದನೆಯ ವಯಸ್ಸಿನಲ್ಲಿ.

ನಮ್ಮ ಪಕ್ಕದ ಮನೆಯ ರಂಗನಾಥ ಅಂಕಲ್ ಹಾಸನದಲ್ಲಿ ಹೈಸ್ಕೂಲು ಮೇಷ್ಟರಾಗಿದ್ದವರು. ಅರವತ್ತೆಂಟು ವಯಸ್ಸು. ಈಗ ಆಂಟಿಯ ಜೊತೆ ಮಗಳ ಮನೆಯಲ್ಲೇ ಇದ್ದಾರೆ. ಒಂದು ದಿನ ವಾಕಿಂಗ್ ಹೋಗುವಾಗ, "ಡಾಕ್ಟರ ಹತ್ತಿರ ಹೋಗಬೇಕು, ಜೊತೆಗೆ ಬರ್ತೀರಾ? ಇಲ್ಲಿಯವರ ಇಂಗ್ಲಿಷ್ ನನ್ನ ಕಿವಿಗೆ ಹತ್ತಲ್ಲ" ಎಂದರು. ಮಗಳು ಬರಲ್ವಾ ಎಂದೆ. "ಮಗಳ ಹತ್ತಿರ ಹೇಳೋ ತೊಂದರೆ ಅಲ್ಲಪ್ಪ. ಶುಗರ್ ಬಂದಮೇಲೆ ನಿಮ್ಮ ಆಂಟಿ ಹತ್ತಿರ ಹೋದರೆ ಮನಸ್ಸು ಹೂಂ ಅನ್ನುತ್ತೆ, ಶರೀರ ಉಹೂಂ ಅನ್ನುತ್ತೆ" ಎಂದರು. ನಾನು ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದೆ. ಯಾಕೆಂದರೆ ಒಂದೂವರೆ ವರ್ಷದಿಂದ ನನ್ನ ಕಥೆಯೂ ಅದೇ. ತಪ್ಪೆಲ್ಲ ಹಾಸಿಗೆಯದು ಎಂದು ತೀರ್ಮಾನಿಸಿ ಹೊಸದನ್ನು ತರಿಸಿದ್ದೆ. ಅದರ ಮೇಲೆ ನನ್ನ ಹೆಂಡತಿ ಸುಮಾ ಬಹಳ ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು.

ಡಾಕ್ಟರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಎಷ್ಟು ದಿನದಿಂದ ಎಂದು ಕೇಳಿದರು. ಅಂಕಲ್ "ಎರಡು ವರ್ಷ" ಎಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ, ಆಫೀಸಿನ ಟೆನ್ಶನ್ನಿನಿಂದಲೂ ಹೀಗಾಗುತ್ತದೆಯೇ ಎಂದು ಇವರು ಕೇಳುತ್ತಿದ್ದಾರೆ ಎಂದು ಸೇರಿಸಿದೆ. "ಇವರು ರಿಟೈರ್ ಆಗಿಲ್ಲವೇ?" ಎಂದರು ಡಾಕ್ಟರು. ಹಳೆಯ ಟೆನ್ಶನ್ ಎಂದೆ. ಸಿಗರೇಟು ಉಂಟೇ ಎಂಬುದಕ್ಕೆ ಅಂಕಲ್ ಇಲ್ಲವೆಂದು ತಲೆಯಾಡಿಸಿದರು. ನಾನು, ಸಿಗರೇಟಿಲ್ಲ, ಆದರೆ ಶನಿವಾರದ ಪಾರ್ಟಿಯಲ್ಲಿ ಮೂರು ಪೆಗ್ ಹಾಕಿದರೆ ಹೇಗೆ, ಐವತ್ತೊಂದಕ್ಕೇ ಇದು ಬರುವುದುಂಟೇ ಎಂದೆಲ್ಲ ಅನುವಾದಿಸಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ಇದು ತುಂಬ ಜನರಿಗೆ ಇರುವ ತೊಂದರೆ, ನಾಚಿಕೆ ಬೇಡ" ಎಂದು ನನ್ನನ್ನೇ ನೋಡುತ್ತ ಹೇಳಿದರು. "ಶುಗರ್, ಬಿಪಿ, ರಕ್ತನಾಳದ ತೊಂದರೆ ಕೆಲವೊಮ್ಮೆ ಮೊದಲು ಇಲ್ಲೇ ಕಾಣಿಸಿಕೊಳ್ಳುತ್ತೆ. ಪರೀಕ್ಷೆ ಮಾಡಿಸದೆ ತಾವಾಗಿ ಮಾತ್ರೆ ತರಿಸಿ ನುಂಗಬಾರದು, ಹೃದಯದ ಔಷಧ ತೆಗೆದುಕೊಳ್ಳುವವರಂತೂ ಕೂಡದು." ಆಮೇಲೆ ಅಂಕಲ್‌ಗೆ ಟೆಸ್ಟುಗಳನ್ನು ಬರೆದು, ನನಗೂ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಲು ಹೇಳಿದರು.

ಕಾರಿನಲ್ಲಿ ಅಂಕಲ್ ಸೀಟ್ ಬೆಲ್ಟ್ ಹಾಕಿಕೊಂಡರು. "ಆ ಹುಡುಗಿ ಇಂಗ್ಲಿಷ್ ಅರ್ಧವೂ ತಿಳಿಯಲಿಲ್ಲ. ನಿಮ್ಮ ಇಂಗ್ಲಿಷ್ ಮಾತ್ರ ಪೂರ್ತಿ ಅರ್ಥವಾಯ್ತು" ಎಂದರು.

ಎರಡು ವಾರದ ನಂತರ ನನ್ನ ಸರದಿ ಬಂದಾಗ ಅವರೇ ಜೊತೆಗೆ ಹೊರಟರು. ಡಾಕ್ಟರು ಏನು ತೊಂದರೆ ಎಂದಾಗ ನನ್ನ ಬಾಯಿಂದ ಬಂದದ್ದು, ಭುಜದ ನೋವು. ಅಂಕಲ್ ಕುರ್ಚಿಯಿಂದ ಮುಂದಕ್ಕೆ ಬಾಗಿ, ಹಾಜರಿ ಕರೆಯುವ ದನಿಯಲ್ಲಿ, "ನೋ ಶೋಲ್ಡರ್, ಮೇಡಮ್. ಸೇಮ್ ಆಸ್ ಮಿ" ಎಂದರು.

ನನಗೆ ಬಿಪಿ ಇರುವುದು ಗೊತ್ತಾಯಿತು, ಚಿಕಿತ್ಸೆ ಶುರುವಾಯಿತು. ಈಗ ಪರವಾಗಿಲ್ಲ. ಡಾಕ್ಟರ ಹತ್ತಿರ ಹೋದದ್ದನ್ನು ಸುಮಾಳಿಗೆ ಹೇಳಲು ಮಾತ್ರ ಎರಡು ದಿನ ಮಾತು ಜೋಡಿಸಿಕೊಂಡೆ. ಬೆವರುತ್ತ ಎಲ್ಲ ಹೇಳಿ ಮುಗಿಸಿದಾಗ ಅವಳು ಬಟ್ಟೆ ಮಡಚುತ್ತಲೇ, "ಆಂಟಿ ಹೋದ ವಾರವೇ ಹೇಳಿದ್ರು. ನೀವಾಗಿ ಹೇಳಲಿ ಅಂತ ಕಾಯ್ತಿದ್ದೆ" ಎಂದಳು. ಅಂತೂ ನನ್ನ ಗುಟ್ಟನ್ನು ಗುಟ್ಟಾಗಿಯೇ ಇಟ್ಟುಕೊಂಡಿದ್ದವನು ನಾನೊಬ್ಬನೇ.