ರೆಹೆಮಾಳ ಹಣೆ ಮುಟ್ಟದ ಬಲಗೈಯವರಿಗೆ

ಮಾನ್ಯ ಬಲಗೈಯವರೇ,

ಹುಟ್ಟಿದಾಗಿನಿಂದ ತಾವು ಚಾಚಿದ ಕಡೆಗೆಲ್ಲ ಹಿಂದೆ ಹಿಂದೆ ಬರುತ್ತಿರುವ, ಬಳ್ಳಾರಿ ಗಾಂಧಿನಗರದ ಸಾವಂತ್ರಮ್ಮ ತಮಗೆ ಮಾಡುವ ಶರಣು ಶರಣಾರ್ಥಿ. ಕುರುಗೋಡಿನ ಸಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ನನ್ನ ಪರವಾಗಿ ಅಕ್ಷರ ತಿದ್ದಿದವರು ತಾವು, ಛಡಿ ಏಟು ತಿಂದವರೂ ತಾವೇ; ಆ ಉಪಕಾರವನ್ನು ನೆನೆದೇ ಈ ದೂರು. ಇದನ್ನು ಬರೆಯುತ್ತಿರುವವರೂ ತಾವೇ ಆದ್ದರಿಂದ, ಪತ್ರ ಮುಟ್ಟಲಿಲ್ಲ ಎಂಬ ನೆಪ ನಡೆಯುವುದಿಲ್ಲ.

ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ರೆಹೆಮಾ ಟಾಂಜಾನಿಯಾ ದೇಶದ ಹುಡುಗಿ, ಇಲ್ಲಿ ನರ್ಸಿಂಗ್ ಓದುತ್ತ ನಮ್ಮ ಮಾತನ್ನೂ ಕಲಿತಿದ್ದಾಳೆ. ಅಂಥವರಿಗೆ ಮನೆ ಕೊಡಬೇಡಿ ಎಂದು ಓಣಿಯವರು ಬುದ್ಧಿ ಹೇಳಲು ಬಂದಾಗ, "ಆಕಿನೂ ಯಾರೋ ಹಡೆದ ಮಗಳು, ಹೋಗ್ರಿ ಹೋಗ್ರಿ" ಎಂದು ಅಟ್ಟಿದ್ದು ನನ್ನ ಬಾಯಿ. ಅಂದಿನಿಂದ ಸಾವಂತ್ರಮ್ಮ ಬಹಳ ದೊಡ್ಡ ಮನಸ್ಸಿನವಳು ಎಂದು ಅದೇ ಬಾಯಿ ಇಡೀ ಗಾಂಧಿನಗರಕ್ಕೆ ಸಾರಿಕೊಂಡು ಬಂತು. ಸಾರುವ ಮೊದಲು ತಮ್ಮನ್ನೊಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ಶ್ರಾವಣದ ಮೊದಲ ಶುಕ್ರವಾರ ಓಣಿಯ ಹೆಂಗಸರನ್ನು ಅರಿಷಿಣ ಕುಂಕುಮಕ್ಕೆ ಕರೆದಿದ್ದೆವು. ಸೊಸೆ ಹೇಮಾ ತನ್ನದೇ ಸೀರೆ ಉಡಿಸಿ ರೆಹೆಮಾಳನ್ನೂ ಸಾಲಿನಲ್ಲಿ ಕೂರಿಸಿದಳು. ತಾವು ನಾಗಲಕ್ಷ್ಮಿಯ ಗಲ್ಲಕ್ಕೆ ಅರಿಷಿಣ ಸವರಿ ಹಣೆಗೆ ಕುಂಕುಮ ಹಚ್ಚಿದಿರಿ. ಮಂಜಮ್ಮನ ಹಣೆಗಂತೂ ಗೋಡೆಗೆ ಮೊಳೆ ಹೊಡೆದಂತೆ ಒತ್ತಿದಿರಿ. ರೆಹೆಮಾಳ ಸರದಿ ಬಂದಾಗ ಮಾತ್ರ, ನನ್ನ ಅಪ್ಪಣೆಯೇ ಇಲ್ಲದೆ, ತಟ್ಟೆಯನ್ನು ಆಕೆಯ ಮುಂದೆ ಹಿಡಿದಿರಿ. ತಮ್ಮ ಮಾನ ಕಾಯಲು ಬಾಯಿ, "ನೀನ ಹಚ್ಗೋ ಮಗಳ" ಎಂದಿತು. ಹಚ್ಚಿಕೊಂಡಳು. ಕನ್ನಡಿಯಿಲ್ಲದೆ ಹಚ್ಚಿದ್ದು ಹುಬ್ಬಿನ ಮೇಲೆ ಹೋಗಿ ಕುಳಿತಿತು. "ಅಜ್ಜಿ, ಕೈ ನೋಯಾಕ ಹತ್ತೈತೇನ್ರಿ?" ಎಂದು ಕೇಳಿದಳು. ಹೌದವ್ವ, ಬಾಳ ನೋವು ಎಂದೆ.

ಸುಳ್ಳುನೋವಿಗೆ ಇಷ್ಟು ಒಳ್ಳೆಯ ಆರೈಕೆ ಯಾರಿಗೂ ಸಿಕ್ಕಿರಲಾರದು. ಅಂದಿನಿಂದ ದಿನಾ ಸಂಜೆ ಆಕೆ ಎಣ್ಣೆ ಬಿಸಿ ಮಾಡಿಕೊಂಡು ಇಳಿದು ಬಂದು, ತನ್ನ ಎರಡೂ ಅಂಗೈಗಳ ನಡುವೆ ತಮ್ಮನ್ನಿಟ್ಟುಕೊಂಡು ಒಂದೊಂದೇ ಬೆರಳು ನೀವುತ್ತಾಳೆ. ಮುಟ್ಟಲು ಒಲ್ಲದ ತಾವು ಮುಟ್ಟಿಸಿಕೊಳ್ಳಲು ಅದೆಷ್ಟು ಉದಾರವಾಗಿ ಚಾಚಿಕೊಂಡಿರಿ! ಈ ಔದಾರ್ಯಕ್ಕೆ ತಮಗೆ ಶಾಲು ಹೊದಿಸಬೇಕು. ಹೊದಿಸಲೂ ತಾವೇ ಬೇಕಾದ್ದರಿಂದ ಸುಮ್ಮನಿದ್ದೇನೆ.

ಅಷ್ಟಕ್ಕೂ ತಾವೇನು ಬೆಣ್ಣೆಯ ಬಣ್ಣದವರಲ್ಲ. ಸಿರುಗುಪ್ಪದಿಂದ ನನ್ನನ್ನು ನೋಡಲು ಬಂದ ನಮ್ಮತ್ತೆ, "ಹುಡುಗಿ ಚಲೋನ ಅದಾಳ, ಬಣ್ಣ ಒಂದ ನುಂಗಾಕ ಆಗವಲ್ದು" ಎಂದಿದ್ದು ಮರೆತಿರಾ? ಆಮೇಲೆ ವರ್ಷಗಟ್ಟಲೆ ಕಡಲೆಹಿಟ್ಟು ಹಚ್ಚಿ ನನ್ನ ಮುಖ ತಿಕ್ಕಿದವರು ತಾವೇ. ಕಪ್ಪು ಹೋಗಲಿಲ್ಲ. ತಿಕ್ಕುವ ಸಿಟ್ಟು ಮಾತ್ರ ತಮ್ಮ ಬೆರಳಲ್ಲೇ ಉಳಿಯಿತೆಂದು ಕಾಣುತ್ತದೆ.

ನಿನ್ನೆ ಹೇಮಾ ಹೇಳಿದಳು: ರೆಹೆಮಾ ಕಂಟೋನ್ಮೆಂಟ್ ಕಡೆ ಬೇರೆ ಕೋಣೆ ಹುಡುಕುತ್ತಿದ್ದಾಳಂತೆ. "ಅಜ್ಜಿ ಕೈ ಮಂಜಮ್ಮನ ಹಣಿಗೆ ನೋಯಲಿಲ್ಲ, ನನ್ನ ಹಣಿಗಷ್ಟ ನೋಯ್ತು" ಎಂದಳಂತೆ. ಗೊತ್ತಿದ್ದೂ ಎಣ್ಣೆ ತರುತ್ತಿದ್ದಳು! ಹೋಗಬೇಡ ಎಂದು ಹೇಳಲು ನಾನು ಬಾಯಿ ತೆರೆದರೆ, ಸೊಸೆ ಅಂದಳು: "ಅತ್ತಿ, ಮಾತು ಸಾಕ್ರಿ. ಕೈಗೆ ಏನರ ಹೇಳ್ರಿ."

ಅದಕ್ಕೇ ಈ ಬಿನ್ನಹ. ತಾವು ದಯಮಾಡಿ ಮೊಣಕೈಯಿಂದ ಕಳಚಿಕೊಂಡು, ನನ್ನನ್ನು ಕೆಳಗೇ ಬಿಟ್ಟು, ಒಬ್ಬರೇ ಮಹಡಿ ಹತ್ತಿ ಆಕೆಯ ಕ್ಷಮೆ ಕೇಳಿ ಬರಬೇಕು, ನನಗೆ ನಾಚಿಕೆಯಾಗುತ್ತದೆ. ಅದು ಆಗದಿದ್ದರೆ ನಾಳಿನ ಶುಕ್ರವಾರದ ಕುಂಕುಮಕ್ಕೆ ಎಡಗೈಯವರಿಗೆ ಅಧಿಕಾರ ಬಿಟ್ಟುಕೊಡಬೇಕು. ಶಾಸ್ತ್ರ ಕೆಟ್ಟಿತೆಂದು ಯಾರಾದರೂ ಕೂಗಿದರೆ ಬಾಯಿ ನೋಡಿಕೊಳ್ಳುತ್ತದೆ. ಎರಡೂ ಒಲ್ಲೆನೆಂದರೆ ತಾವೇ ಹಚ್ಚಿ. ಆಕೆ ಹೋದರೆ ಆ ಕೋಣೆಗೆ ಬೇರೆಯವರು ಬಂದಾರು. ನನ್ನ ಸುಳ್ಳು ಗೊತ್ತಿದ್ದೂ ನನ್ನ ಕೈ ಹಿಡಿಯುವವರು ಬರಲಾರರು.

ಈಚೆಗೆ ತಮ್ಮ ಮೇಲೆ ವಿಶ್ವಾಸ ಕಡಿಮೆಯಾಗಿದ್ದರೂ,
ತಮ್ಮ ವಿಶ್ವಾಸಿ,
ಸಾವಂತ್ರಮ್ಮ

ತಾ.ಕ.: ಶುಕ್ರವಾರ ಮುಗಿಯಿತು. ತಾವು ಆಕೆಯ ಹಣೆಯ ನಡುಮಧ್ಯಕ್ಕೆ, ಒತ್ತಿಯೇ ಹಚ್ಚಿದಿರಿ. ಆಕೆ ನಕ್ಕಳು, ಕೋಣೆಯ ಮಾತಿಗೆ "ನೋಡೂಣ್ರಿ ಅಜ್ಜಿ" ಎಂದಳು. ನಾನಿನ್ನೇನು ತಮ್ಮನ್ನು ಹೊಗಳಬೇಕು ಎನ್ನುವಷ್ಟರಲ್ಲಿ ತಾವು ಮೆಲ್ಲಗೆ ನನ್ನ ಸೆರಗಿಗೆ ಒರೆಸಿಕೊಂಡಿರಿ. ಬೆರಳಿಗೆ ಕುಂಕುಮ ಹತ್ತಿತ್ತು ಎನ್ನುವಿರಿ. ನಾಗಲಕ್ಷ್ಮಿಗೆ ಹಚ್ಚಿದಾಗಲೂ ಹತ್ತಿತ್ತಲ್ಲ, ಆಗ ಯಾಕೆ ಒರೆಸಿಕೊಳ್ಳಲಿಲ್ಲ? ಬರೆದು ತಿಳಿಸಿ.