ಹಸು ತಿಂದ ಮ್ಯಾನಿಫೋಲ್ಡು

ಅಳಿಯನ ಮರ್ಯಾದೆ ಎಲ್ಲಿ ಹೋಗುತ್ತದೆಂದು ಹೇಳಲಾಗದು. ನನ್ನದು ಅತ್ತೆಯ ಊರಿನ ದಿಣ್ಣೆಯಲ್ಲಿ ಹೋಗುತ್ತಿತ್ತು. ಮದ್ದೂರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಬಳಿ ಹಳೇ ಡೀಸೆಲ್ ಜೀಪೊಂದಿದೆ. ಮಳವಳ್ಳಿ ಸಂತೆ ಮುಗಿಸಿ ಹಿಂದೆ ಬೂಸಾ ಮೂಟೆ, ಮುಂದೆ ಅತ್ತೆಯನ್ನು ಕೂರಿಸಿಕೊಂಡು ಹೊರಟರೆ, ದಿಣ್ಣೆಯ ಅರ್ಧಕ್ಕೆ ಇಂಜಿನ್ನು ಏದುಸಿರು ಬಿಡುತ್ತಿತ್ತು. “ನೀ ಓಗಪ್ಪ, ನಾನು ಇಳ್ಕಂಡು ನಡ್ಕಬತ್ತೀನಿ” ಎಂದು ಮಂಡಿನೋವಿನ ಅತ್ತೆ ಇಳಿಯುತ್ತಿದ್ದರು. ಮೂಟೆಗಳು ಮಾತ್ರ ಕೂತೇ ಇರುತ್ತಿದ್ದವು. ಮೇಲೆ ಹೋಗಿ ಕಾಯುತ್ತಿದ್ದ ನನಗೆ, ಅವರು ಬರುವಷ್ಟರಲ್ಲಿ ಒಂದು ನಿದ್ದೆಯೂ ಆಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಟರ್ಬೊ ಹಾಕಿಯೇಬಿಡೋಣ ಎಂದುಕೊಂಡೆ. ಇಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ ಅದಕ್ಕೆ ಹೆಚ್ಚು ಗಾಳಿ ತುಂಬುವ ಯಂತ್ರ ಅದು. ನಾಲ್ಕು ಸಿಲಿಂಡರಿನ ಹೊಗೆಯನ್ನು ಒಟ್ಟುಮಾಡಿ ಅದರ ಬಾಯಿಗೆ ಬಿಡುವ ಕೊಳವೆಗಳ ಗೊಂಚಲೇ ಮ್ಯಾನಿಫೋಲ್ಡು. ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿದ್ದು ಸ್ಟೇರಿಂಗಿನ ಸರಳಿಗೆ ತಗುಲುತ್ತಿತ್ತು. ಸರಿ, ನಾನೇ ಮಾಡಬೇಕು. ಕಂಪ್ಯೂಟರಿನಲ್ಲಿ ನಮೂನೆ ಬರೆಯುವವರಿದ್ದಾರಂತೆ. ನಮ್ಮ ಕಡೆ ಕಬ್ಬಿದೆ. ಪೈಪಿನಷ್ಟೇ ದಪ್ಪದ ಜಲ್ಲೆ ಆರಿಸಿ, ಬಾಗಬೇಕಾದಲ್ಲಿ ಓರೆಯಾಗಿ ಕತ್ತರಿಸಿ, ಬಾಳೆನಾರಿನಲ್ಲಿ ಬಿಗಿದು ನಮೂನೆ ಜೋಡಿಸಿದೆ. ಎಷ್ಟು ಚೆನ್ನಾಗಿತ್ತೆಂದರೆ, ಜಗಲಿಯ ಮೇಲಿಟ್ಟು ಎರಡು ಸಲ ತಿರುಗಿ ನೋಡಿ ಸ್ನಾನಕ್ಕೆ ಹೋದೆ.

ಬಂದರೆ ಜಗಲಿ ಖಾಲಿ. “ಒಣಗ್ತಾ ಬಿದ್ದಿತ್ತು, ಅಸಕ್ಕೆ ಆಕ್ದೆ” ಎಂದಳು ಹೆಂಡತಿ.

“ಅದು ಮ್ಯಾನಿಫೋಲ್ಡು ಕಣೇ!”

“ಅಸ ಏನೂ ಅನ್ಲಿಲ್ವಲ್ಲ!”

ಎರಡನೆಯದನ್ನು ಅಟ್ಟದ ಮೊಳೆಗೆ ನೇತುಹಾಕಿದೆ. ಅದರಂತೆಯೇ ಪೈಪು ಕತ್ತರಿಸಿ ಬೆಸೆದೆ. ಬೆಸುಗೆಯ ಕಾವಿಗೆ ಸೊಟ್ಟಗಾದ, ಇಂಜಿನ್ನಿಗೆ ಕೂರುವ ತಟ್ಟೆಯನ್ನು ಅರ ಹಾಕಿ ಉಜ್ಜಿ ಉಜ್ಜಿ ಮಟ್ಟ ಮಾಡಿದೆ. ಕೊನೆಗೂ ಕೂತಿತು.

ಮುಂದಿನ ಸಂತೆಯ ದಿನ ಜೀಪು ಸುಂಯ್ ಎಂದು ದಿಣ್ಣೆ ಏರಿತು. ಹೊಗಳಿಕೆಗಾಗಿ ಅತ್ತೆಯತ್ತ ತಿರುಗಿದರೆ, ಅವರ ಕಣ್ಣು ತುಂಬಿತ್ತು.

“ಯಾಕಪ್ಪ ನಿಲ್ಲಿಸ್ನಿಲ್ಲ? ದಿಣ್ಣೆ ಪಕ್ಕದಲ್ಲೇ ನಮ್ಮ ಕೆಂಪಿ ಮನೆ. ಒಲದ ಬದಿನ ಜಗಳದಾಗೆ ಎಲ್ಡು ಮನೇರೂ ಮಾತು ಬುಟ್ಟವ್ರೆ. ಗಾಡಿ ದಿಣ್ಣೆ ಏರ್ನಿಲ್ಲ, ಕಾಲು ನೋಯ್ತದೆ ಅಂತ ಅವಳ ಜಗಲೀಲಿ ಕುಂತ್ರೆ ಯಾರೂ ಏನೂ ಅನ್ನಕಿಲ್ಲ. ಚಿಕ್ಕವಯಸ್ಸಿಂದ ಜೊತೇಲಿ ಬೆಳೆದೋರು ಕಣಪ್ಪ.”

ಬಂದ ದಾರಿಯಲ್ಲೇ ಜೀಪು ತಿರುಗಿಸಿದೆ.

ಈಗ ಪ್ರತಿ ಸಂತೆಗೂ ದಿಣ್ಣೆಯ ಅರ್ಧದಲ್ಲಿ ನಾನೇ ಇಂಜಿನ್ ಆಫ್ ಮಾಡುತ್ತೇನೆ. ಅತ್ತೆ ಕುಂಟುತ್ತಾ ಆ ಜಗಲಿಯತ್ತ ಹೊರಡುತ್ತಾರೆ. ನಾನು ಬಾನೆಟ್ ಎತ್ತಿ, ಕೈಗೆ ಒಂದಿಷ್ಟು ಮಸಿ ಬಳಿದುಕೊಂಡು ನಿಲ್ಲುತ್ತೇನೆ.

“ಏನ್ಲಾ, ಟರ್ಬೊ ಆಕಿದ್ಮೇಲೂ ಇದೇ ಗತಿಯಾ? ಯಾವನ್ಲಾ ಅದನ್ನ ಮಾಡಿದ್ದು?” ಎಂದು ದಾರಿಯಲ್ಲಿ ಹೋಗುವವರು ನಗುತ್ತಾರೆ.

“ಯಾವನೋ ಕೆಲಸ ಬರದೋನು ಬುಡಣ್ಣ” ಎನ್ನುತ್ತೇನೆ.